ಬೆಂದ ಎಟ್ಟಿ ಕೈ ಎತ್ತಿದ್ದು

ಶನಿವಾರ ಡಬ್ಲಿನ್ನಿನ ನಮ್ಮ ಮನೆಗೆ ಇಬ್ಬರು ಊಟಕ್ಕೆ ಬರುವವರಿದ್ದರು. ಎಟ್ಟಿ ಸುಕ್ಕ ಮಾಡ್ತೇನೆ ಎಂದು ನಾನೇ ಬಾಯಿಬಿಟ್ಟಿದ್ದೆ. ಎಟ್ಟಿ ಅಂದರೆ ನಮ್ಮ ಮಂಗಳೂರು ಕಡೆ ಸಿಗಡಿ. ಹೌತ್ ಬಂದರಿನ ಮೀನಂಗಡಿಯಲ್ಲಿ ‘ಡಬ್ಲಿನ್ ಬೇ ಪ್ರಾನ್ಸ್’ ಎಂಬ ಬೋರ್ಡು ಕಂಡಿತು. ಪ್ರಾನ್ಸ್ ಅಂದಮೇಲೆ ಎಟ್ಟಿಯೇ ತಾನೆ? ಎರಡು ಕಿಲೋ ಕಟ್ಟಿಸಿದೆ. ಐಸಿನ ಮೇಲೆ ಕೇಸರಿ ಬಣ್ಣದಲ್ಲಿ ತೆಪ್ಪಗೆ ಬಿದ್ದಿದ್ದವು. ನಮ್ಮೂರ ಎಟ್ಟಿ ಹಸಿಯಿದ್ದಾಗ ಬೂದು, ಬೆಂದರೆ ಕೆಂಪು. ಹಾಗಾದರೆ ಇವು ಬೇಯಿಸಿಟ್ಟವೇ, ಅರ್ಧ ಕೆಲಸ ಉಳಿಯಿತು ಎಂದು ರೈಲಿನುದ್ದಕ್ಕೂ ಬೀಗಿದೆ.

ಎಲ್ಲವನ್ನೂ ಸಿಂಕಿಗೆ ಸುರಿದು ಮೆಣಸು ಹುರಿಯುತ್ತಿದ್ದೆ. ಬೆನ್ನ ಹಿಂದೆ ಟಿಕ್ ಟಿಕ್. ನಲ್ಲಿ ಸೋರುತ್ತಿರಬೇಕೆಂದು ತಿರುಗಿದರೆ, ‘ಬೆಂದ’ ಎಟ್ಟಿಯೊಂದು ಪೆನ್ಸಿಲಿನಂಥ ಉದ್ದ ಇಕ್ಕಳದಲ್ಲಿ ಪಾತ್ರೆ ತಿಕ್ಕುವ ಸ್ಪಂಜನ್ನು ಹಿಡಿದುಕೊಂಡಿದೆ!

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

“ಎಂತದು ಮಗಾ ಅದು? ಎಟ್ಟಿಯಾ, ಏಡಿಯಾ?”

“ಬೆಂದದ್ದು ಅಂತ ತಂದೆ ಅಮ್ಮಾ. ಕೆಂಪಗಿತ್ತು.”

“ನೀನೂ ಕೆಂಪು ಅಂಗಿ ಹಾಕಿದ್ದಿ. ಬೆಂದಿದ್ದೀಯಾ?”

ಮೊಬೈಲಿನಲ್ಲಿ ಹುಡುಕಿದಾಗ ಜಾತಕ ಸಿಕ್ಕಿತು. ಸಮುದ್ರದ ತಳದ ಕೆಸರಿನಲ್ಲಿ ಬಿಲ ತೋಡಿಕೊಂಡಿರುವ ಸಣ್ಣ ಲಾಬ್‌ಸ್ಟರ್ ಇದು. ಜೀವವಿದ್ದಾಗಲೂ ಇದೇ ಬಣ್ಣ. ಶಾಸ್ತ್ರೀಯ ಹೆಸರು ನೆಫ್ರಾಪ್ಸ್ ನಾರ್ವೆಜಿಕಸ್. ಕಣ್ಣು ಮೂತ್ರಪಿಂಡದ ಆಕಾರದಲ್ಲಿದೆಯೆಂದು ‘ನೆಫ್ರಾಪ್ಸ್’. ನಾರ್ವೆಯನ್ನು ಹೆಸರಿಗೆ ಅಂಟಿಸಿದ್ದು 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್. ಡಬ್ಲಿನ್ ಕೊಲ್ಲಿಯಲ್ಲಿ ಲಂಗರು ಹಾಕುತ್ತಿದ್ದ ದೋಣಿಗಳವರು ಮಾರಿದ್ದಕ್ಕೆ ‘ಡಬ್ಲಿನ್ ಬೇ’ಯಂತೆ, ಬಾಂಬೆ ಮಿಠಾಯಿಗೆ ಬಾಂಬೆ ಬಂದ ಹಾಗೆ. ಫ್ರೆಂಚರಿಗೆ ಇದು ಲ್ಯಾಂಗುಸ್ತೀನ್, ಇಟಲಿಯವರಿಗೆ ಸ್ಕಾಂಪಿ.

ಸ್ಕಾಂಪಿ ಎಂದು ಓದಿದ್ದೇ ನನ್ನ ದನಿ ಇಳಿಯಿತು. ಇಲ್ಲಿನ ಪಬ್ಬಿನಲ್ಲಿ ಬ್ರೆಡ್ ಪುಡಿ ಹಚ್ಚಿ ಕರಿದ ಸ್ಕಾಂಪಿ ತಿಂದು “ರಬ್ಬರು” ಎಂದಿದ್ದೆ. ಪ್ಯಾರಿಸ್ಸಿನಲ್ಲಿ ಮೂರೇ ಮೂರು ಲ್ಯಾಂಗುಸ್ತೀನಿಗೆ ಕಣ್ಣುಮುಚ್ಚಿ ದುಡ್ಡು ಕೊಟ್ಟು “ರುಚಿ ಅಂದ್ರೆ ಇದಪ್ಪ” ಎಂದವನೂ ನಾನೇ. ಹೆಂಡತಿ ಏನೂ ಅನ್ನಲಿಲ್ಲ. ಸ್ಪಂಜನ್ನು ಬಿಡಿಸುತ್ತ ಒಮ್ಮೆ ನನ್ನತ್ತ ನೋಡಿದಳು, ಅಷ್ಟೆ.

ಫ್ರೀಜರಿನಲ್ಲಿಟ್ಟು, ಕುದಿಸಿ, ಸುಲಿದು ಮುಗಿಸುವಾಗ ಎಂಟು ಗಂಟೆ. ತಿನ್ನುವ ಮಾಂಸ ಬಹುಪಾಲು ಬಾಲದಲ್ಲೇ. ಬಕೆಟ್ ತುಂಬ ಚಿಪ್ಪು, ಬಟ್ಟಲಲ್ಲಿ ಸುಕ್ಕ.

“ಎಟ್ಟಿ ಅಂದಿದ್ರಲ್ಲ?” ಅತಿಥಿಗಳು ಬಟ್ಟಲಿನೊಳಗೆ ಇಣುಕಿದರು.

“ಲ್ಯಾಂಗುಸ್ತೀನ್,” ಎನ್ನುತ್ತ ಹೆಂಡತಿ ಒಬ್ಬೊಬ್ಬರಿಗೆ ಮೂರು ಮೂರು ಬಡಿಸಿದಳು.