ಮುನಿದ ಸೋದರಮಾವನೂ 107 ಜೋಡಿಗಳೂ

ಅಮೆರಿಕದಲ್ಲಿ ಅಧ್ಯಕ್ಷರಾದವರಿಗೆ ಮೊದಲು ಬೀಳುವ ಕೆಲಸ ವರ ಹುಡುಕುವುದು. ಸಾವಿರಕ್ಕೂ ಹೆಚ್ಚು ಕುರ್ಚಿಗಳು ಕನ್ಯೆಯರಂತೆ ಕಾದಿರುತ್ತವೆ. ಹುಡುಕುವವರು ಅಧ್ಯಕ್ಷರು, ಒಪ್ಪಬೇಕಾದವರು ಸೆನೆಟ್ ಎಂಬ ನೂರು ಮಂದಿ ಹೆಣ್ಣಿನ ಕಡೆಯವರು.

ವರಪರೀಕ್ಷೆ ಬಲು ಕಟ್ಟುನಿಟ್ಟು. 2014ರಲ್ಲಿ ನಾರ್ವೆಗೆ ರಾಯಭಾರಿಯಾಗಲು ಹೊರಟ ಹೋಟೆಲ್ ಉದ್ಯಮಿ ಜಾರ್ಜ್ ಟ್ಸೂನಿಸ್, ಆ ದೇಶದ ‘ಅಧ್ಯಕ್ಷ’ರ ಬಗ್ಗೆ ಮಾತಾಡಿದರು. ಅಲ್ಲಿರುವುದು ರಾಜ! ಸಂಬಂಧ ಮುರಿದುಬಿತ್ತು. ಆದರೇನು, 2022ರಲ್ಲಿ ಗ್ರೀಸ್‌ಗೆ ರಾಯಭಾರಿಯಾದರು. ಅಲ್ಲಿ ನಿಜಕ್ಕೂ ಅಧ್ಯಕ್ಷರಿದ್ದಾರೆ. ಅದೇ 2014ರಲ್ಲಿ ಚೀನಾಕ್ಕೆ ಹೊರಟ ಮ್ಯಾಕ್ಸ್ ಬಾಕಸ್, ಚೀನಾ ವಿಷಯದಲ್ಲಿ ತಾನೇನೂ ಪರಿಣತನಲ್ಲ ಎಂದು ಬಾಯಿಬಿಟ್ಟೇ ಹೇಳಿದರು. 96–0 ಮತಗಳಿಂದ ಗೆದ್ದರು. ಅವರು ಸ್ವತಃ ಸೆನೆಟರ್. ಮನೆಯ ಹುಡುಗ, ಬಿಡಿ.

ಇಷ್ಟಾದರೂ ಸರಿಯಾದೀತು, ಕಷ್ಟ ಇರುವುದು ಮುನಿಸಿನಲ್ಲಿ. ಯಾರದೂ ತಕರಾರಿಲ್ಲದಿದ್ದರೆ ನೇಮಕ ಕ್ಷಣದಲ್ಲಿ ಮುಗಿಯುತ್ತದೆ. ನೂರರಲ್ಲಿ ಒಬ್ಬ ‘ಊಹೂಂ’ ಅಂದರೆ ಒಂದೊಂದಕ್ಕೂ ಚರ್ಚೆ, ಮತ, ಗಂಟೆಗಟ್ಟಲೆ ಕಾಲಹರಣ. ಇದಕ್ಕೆ ‘ಹೋಲ್ಡ್’ ಎಂದು ಹೆಸರು. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ಹೊರಗಡೆ ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತಹಾಗೆ. 2023ರಲ್ಲಿ ಹಾಗೆ ಕೂತವರು ಅಲಬಾಮದ ರಿಪಬ್ಲಿಕನ್ ಸೆನೆಟರ್ ಟಾಮಿ ಟ್ಯೂಬರ್‌ವಿಲ್, ಹಿಂದೆ ಫುಟ್‌ಬಾಲ್ ಕೋಚ್. ಗರ್ಭಪಾತಕ್ಕಾಗಿ ಬೇರೆ ರಾಜ್ಯಕ್ಕೆ ಹೋಗುವ ಯೋಧರಿಗೆ ರಕ್ಷಣಾ ಇಲಾಖೆಯಾದ ಪೆಂಟಗನ್ ಪ್ರಯಾಣವೆಚ್ಚ ಕೊಡುತ್ತದೆಂದು ಅವರಿಗೆ ಸಿಟ್ಟು. ಆ ನಿಯಮಕ್ಕೂ ಸೆನೆಟ್ ಒಪ್ಪಿಗೆಯ ಬಡ್ತಿಗೆ ಕಾದ ಸೇನಾಧಿಕಾರಿಗಳಿಗೂ ಏನು ಸಂಬಂಧ ಅಂತ ಕೇಳಬೇಡಿ; ಪಾಯಸಕ್ಕೆ ಗೋಡಂಬಿ ಕಡಿಮೆಯಾಯಿತೆಂದು ಮುಹೂರ್ತ ತಪ್ಪಿಸಿದವರನ್ನು ನಾವು ಕಂಡಿಲ್ಲವೇ? 400ಕ್ಕೂ ಹೆಚ್ಚು ಬಡ್ತಿಗಳು ತಿಂಗಳುಗಟ್ಟಲೆ ಕೊಳೆತವು. ಮರೀನ್ ಪಡೆಗೆ 164 ವರ್ಷಗಳಲ್ಲಿ ಮೊದಲ ಬಾರಿ ಸೆನೆಟ್ ಒಪ್ಪಿದ ಮುಖ್ಯಸ್ಥನೇ ಇಲ್ಲದಾಯಿತು. ಡಿಸೆಂಬರ್‌ನಲ್ಲಿ ಮಾವ ಜಗಲಿಯಿಂದ ಎದ್ದರು. ಪೆಂಟಗನ್ ನಿಯಮ ಇದ್ದಲ್ಲೇ ಇತ್ತು.

ಇನ್ನು ನಮ್ಮ ಕಥೆ. ಲಾಸ್ ಏಂಜಲೀಸ್ ಮೇಯರ್ ಎರಿಕ್ ಗಾರ್ಸೆಟಿ ದೆಹಲಿಗೆ ರಾಯಭಾರಿಯಾಗಿ ನಾಮನಿರ್ದೇಶನಗೊಂಡದ್ದು 2021ರ ಜುಲೈನಲ್ಲಿ, ಒಪ್ಪಿಗೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಇಪ್ಪತ್ತು ತಿಂಗಳು! ನಡುವೆ ಅಮೆರಿಕದ ಸಂಸತ್ತಿನ ಅವಧಿಯೇ ಮುಗಿದು, ಜಾತಕ ಮತ್ತೊಮ್ಮೆ ಕಳಿಸಬೇಕಾಯಿತು.

2025ರಲ್ಲಿ ಮುನಿಸು ಪಕ್ಷ ಬದಲಿಸಿತು. ಈಗ ಡೆಮಾಕ್ರಟರು ಜಗಲಿಗೆ. ಬಹುಮತದ ರಿಪಬ್ಲಿಕನ್ನರು ಸೆಪ್ಟೆಂಬರ್‌ನಲ್ಲಿ ಸಂಪ್ರದಾಯವನ್ನೇ ಬದಲಿಸಿ ಸಾಮೂಹಿಕ ವಿವಾಹ ತಂದರು. ಅಕ್ಟೋಬರ್‌ನಲ್ಲಿ ಒಂದೇ ಮತದಲ್ಲಿ 107 ಜೋಡಿ, 51–47. ಆ ಸಾಲಿನಲ್ಲೇ ಭಾರತಕ್ಕೆ ರಾಯಭಾರಿಯಾಗಿ ಸರ್ಜಿಯೊ ಗೋರ್, ಬಹಾಮಾಸ್‌ಗೆ ಮಾಜಿ ಫುಟ್‌ಬಾಲ್ ತಾರೆ ಹರ್ಷೆಲ್ ವಾಕರ್. ಒಬ್ಬನನ್ನು ಇಪ್ಪತ್ತು ತಿಂಗಳು ಅಳೆದು ಸುರಿದ ಸಭೆ, 107 ಮಂದಿಗೆ ಒಂದೇ ಹಿಡಿ ಅಕ್ಷತೆ ಎರಚಿತು.

ಸೆನೆಟ್ ರಜೆಯಲ್ಲಿದ್ದಾಗ ಅಧ್ಯಕ್ಷರು ತಾವೇ ತಾತ್ಕಾಲಿಕ ನೇಮಕ ಮಾಡಬಹುದೆಂದು ಸಂವಿಧಾನ ಹೇಳುತ್ತದೆ. ಅದಕ್ಕೇ ಸಭೆ ರಜೆ ಹಾಕುವುದೇ ಇಲ್ಲ! ಮೂರು ದಿನಕ್ಕೊಮ್ಮೆ ಒಬ್ಬ ಸೆನೆಟರ್ ಖಾಲಿ ಸದನಕ್ಕೆ ಬಂದು, ಸುತ್ತಿಗೆ ಕುಟ್ಟಿ, ನಿಮಿಷದೊಳಗೆ ಮನೆಗೆ ಹೋಗುತ್ತಾರೆ. ‘ಇದೂ ಒಂದು ಸಭೆಯೇ?’ ಎಂದ ಒಬಾಮರಿಗೆ 2014ರಲ್ಲಿ ಸುಪ್ರೀಂ ಕೋರ್ಟ್ 9–0ರಿಂದ ಹೇಳಿತು: ಹೌದು, ಸಭೆಯೇ.

ಅಂದಹಾಗೆ ಸೆನೆಟ್‌ನ ಸುತ್ತಿಗೆಗೆ ಹಿಡಿ ಇಲ್ಲ, ಅಂಗೈಯಲ್ಲಿ ಅಡಗುವ ಡಮರುಗದಂಥ ತುಂಡು. 1954ರಲ್ಲಿ ಉಪಾಧ್ಯಕ್ಷ ನಿಕ್ಸನ್ ಕುಟ್ಟಿದ ರಭಸಕ್ಕೆ ಹಳೆಯದು ಒಡೆದಾಗ, ಮೈಸೂರಿನಲ್ಲಿ ಪಾಠ ಹೇಳಿದ್ದ ನಮ್ಮ ರಾಧಾಕೃಷ್ಣನ್ ದಂತದ ಹೊಸದೊಂದನ್ನು ಒಯ್ದು ಕೊಟ್ಟರು. ಒಡೆದ ವರ್ಷವೇ ಮುಟ್ಟಿಸಿಯೂ ಆಗಿತ್ತು.