ಗುಳಿಗೆ ಕಡಿಮೆ ಮಾಡುವ ಮೊದಲು

ದೀರ್ಘಕಾಲದ ನೋವಿಗೆ ವರ್ತನಾ ಚಿಕಿತ್ಸೆ (ನೋವಿನ ಬಗೆಗಿನ ಯೋಚನೆ, ಅಭ್ಯಾಸಗಳನ್ನು ಬದಲಿಸಿಕೊಳ್ಳುವ ತರಬೇತಿ) ಪಡೆಯಿರಿ ಎಂದು ವೈದ್ಯರು ಹೇಳಿದಾಗ, ರೋಗಿಗಳಲ್ಲಿ ಹಲವರಿಗೆ ‘ನಿಮ್ಮ ನೋವು ಬರೀ ಭ್ರಮೆ’ ಎಂದಂತೆ ಕೇಳಿಸುತ್ತದೆ. ವರ್ಷಗಟ್ಟಲೆ ನರಳಿದವರನ್ನು ಇದಕ್ಕಿಂತ ಹೆಚ್ಚು ಘಾಸಿಗೊಳಿಸುವ ಮಾತಿಲ್ಲ, ಮತ್ತು ಅದು ಸತ್ಯವೂ ಅಲ್ಲ. ಬೆನ್ನುಹುರಿಯು ನೋವಿನ ಸಂಕೇತಗಳನ್ನು ಬಂದಂತೆಯೇ ಮೇಲಕ್ಕೆ ಕಳಿಸುವುದಿಲ್ಲ, ಅವುಗಳನ್ನು ತಗ್ಗಿಸುವ ಇಲ್ಲವೇ ಹೆಚ್ಚಿಸುವ ವ್ಯವಸ್ಥೆ ಅಲ್ಲಿದೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಮಂಡಿಸಿದರು. ಭಯ, ನಿದ್ರೆಗೇಡು, ಸದಾ ನೋವಿನ ಮೇಲೆಯೇ ನೆಟ್ಟ ಗಮನ ಇವೆಲ್ಲ ನಿಜವಾದ ನೋವನ್ನೇ ಉಲ್ಬಣಗೊಳಿಸುತ್ತವೆ. ವರ್ತನಾ ಚಿಕಿತ್ಸೆ ಕೈಹಾಕುವುದು ಇಲ್ಲಿಗೆ.

ಶಸ್ತ್ರಚಿಕಿತ್ಸೆಯ ನಂತರ ಅಥವಾ ಕ್ಯಾನ್ಸರ್ ನೋವಿನಲ್ಲಿ ಓಪಿಯಾಯ್ಡ್ ಔಷಧಗಳ, ಅಂದರೆ ಮಾರ್ಫಿನ್‌ನಂಥ ಪ್ರಬಲ ನೋವುನಿವಾರಕಗಳ, ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಅವುಗಳನ್ನು ತಿಂಗಳುಗಟ್ಟಲೆ ಸೇವಿಸಿದಾಗ ದೇಹ ಒಗ್ಗಿಹೋಗಿ ಡೋಸ್ ಏರುತ್ತದೆ, ಕೆಲವರಲ್ಲಿ ನೋವಿನ ಸೂಕ್ಷ್ಮತೆಯೇ ಹೆಚ್ಚುತ್ತದೆ.

ಈ ವಿಷಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಅವರ ಒಳನೋಟವನ್ನು ನಾನು ಬಹಳ ಗೌರವಿಸುತ್ತೇನೆ. ನೋವು ಬಂದಾಗಲೆಲ್ಲ ಗುಳಿಗೆ ನುಂಗಿದರೆ, ನೋವಿನ ಬೆನ್ನಿಗೇ ಉಪಶಮನ ಸಿಗುತ್ತದೆ ಎಂಬ ಪಾಠವನ್ನು ದೇಹ ಕಲಿಯುತ್ತದೆ ಎಂದು ಗುರುತಿಸಿದ ಅವರು, ನೋವು ಇರಲಿ ಬಿಡಲಿ, ಗಡಿಯಾರ ನೋಡಿ ಔಷಧ ಕೊಡುವ ಕ್ರಮವನ್ನು ತಂದರು. ನಡಿಗೆಗೂ ಇದೇ ನಿಯಮ: ಎಲ್ಲಿ ನಿಲ್ಲಬೇಕೆಂದು ಹೇಳಬೇಕಾದ್ದು ನೋವಲ್ಲ, ಗಡಿಯಾರ. ಹತ್ತು ನಿಮಿಷ ನಡೆದರೆ ನೋವು ಕೆರಳುವವರು ಏಳೇ ನಿಮಿಷ ನಡೆದು, ಇನ್ನೂ ನಡೆಯಬಲ್ಲೆ ಎನ್ನಿಸಿದರೂ ನಿಲ್ಲಬೇಕು; ಕೆಲವು ದಿನಗಳ ನಂತರ ಒಂದು ನಿಮಿಷ ಸೇರಿಸಬೇಕು. ಚೆನ್ನಾಗಿರುವ ದಿನ ಎಲ್ಲ ಕೆಲಸವನ್ನೂ ಮೈಮೇಲೆ ಎಳೆದುಕೊಂಡು ಮರುದಿನ ಹಾಸಿಗೆ ಹಿಡಿಯುವ ಚಕ್ರ ಹೀಗೆ ಮುರಿಯುತ್ತದೆ. ಕೇಳಲು ಇದು ತೀರ ಸರಳ, ಪಾಲಿಸಲು ಬಲು ಕಷ್ಟ. ಅದಕ್ಕೇ ಜೊತೆಗೊಬ್ಬ ಚಿಕಿತ್ಸಕರು ಬೇಕು.

ಅಮೆರಿಕದ ಸಂಶೋಧಕ ಎರಿಕ್ ಗಾರ್ಲಂಡ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ನೋವಿನ ಜೊತೆಗೆ ಓಪಿಯಾಯ್ಡ್ ದುರ್ಬಳಕೆಯೂ ಇದ್ದ 250 ಮಂದಿ ಭಾಗವಹಿಸಿದ್ದರು. ಎಂಟು ವಾರಗಳ ಸಾವಧಾನ (ಮೈಂಡ್‌ಫುಲ್‌ನೆಸ್) ಆಧಾರಿತ ತರಬೇತಿ ಪಡೆದವರಲ್ಲಿ, ಒಂಬತ್ತು ತಿಂಗಳ ನಂತರ ಸುಮಾರು ಶೇ 45ರಷ್ಟು ಮಂದಿ ದುರ್ಬಳಕೆಯಿಂದ ಹೊರಬಂದಿದ್ದರು; ಸಾಮಾನ್ಯ ಬೆಂಬಲ ಗುಂಪಿನಲ್ಲಿ ಈ ಪ್ರಮಾಣ ಸುಮಾರು ಶೇ 24. ಈ ಪದ್ಧತಿಯಲ್ಲಿ ಗುಳಿಗೆಗೆ ಕೈಚಾಚುವ ಮುನ್ನ ಕೆಲ ನಿಮಿಷ ಉಸಿರಾಟವನ್ನು ಗಮನಿಸುತ್ತಾ, ಈಗ ತನ್ನನ್ನು ಕಾಡುತ್ತಿರುವುದು ನೋವೋ ಔಷಧದ ಸೆಳೆತವೋ ಎಂದು ರೋಗಿ ಪರೀಕ್ಷಿಸಿಕೊಳ್ಳುತ್ತಾನೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದೂ ಸಾಲಲಿಲ್ಲ ಎಂಬುದನ್ನು ಮರೆಮಾಚಬಾರದು. ಆದರೂ ಇಷ್ಟು ಹಟಮಾರಿ ಸಮಸ್ಯೆಯಲ್ಲಿ ಈ ಅಂತರ ಸಣ್ಣದಲ್ಲ.

ನನ್ನ ಆಕ್ಷೇಪ ಇರುವುದು ಚಿಕಿತ್ಸೆಯ ಅನುಕ್ರಮದ ಬಗ್ಗೆ. ವ್ಯಸನದ ಭೀತಿಯಿಂದ ಮೊದಲು ಗುಳಿಗೆ ಕಡಿತಗೊಳಿಸಿ, ರೋಗಿ ಕುಸಿದ ಮೇಲೆ ಆಪ್ತಸಮಾಲೋಚಕರ ಬಳಿಗೆ ಕಳಿಸುವುದು ಕ್ರೌರ್ಯ. ಓಪಿಯಾಯ್ಡ್‌ಗಳನ್ನು ಹಠಾತ್ತಾಗಿ ನಿಲ್ಲಿಸಿದರೆ ಒಗ್ಗಿದ ಔಷಧ ದೇಹಕ್ಕೆ ಸಿಗದಾಗ ಕಾಣಿಸಿಕೊಳ್ಳುವ ತೀವ್ರ ಹಿಂತೆಗೆತದ ಲಕ್ಷಣಗಳು, ತಡೆಯಲಾಗದ ನೋವು, ಆತ್ಮಹತ್ಯೆಯ ಅಪಾಯವೂ ಇದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಎಚ್ಚರಿಸಿದೆ. ಡೋಸ್ ಇಳಿಸುವ ಮಾತೆತ್ತುವ ಮೊದಲೇ ವರ್ತನಾ ಚಿಕಿತ್ಸೆ ಆರಂಭವಾಗಿರಬೇಕು, ಇಳಿಕೆಯ ವೇಗವನ್ನು ರೋಗಿಯೊಂದಿಗೆ ಕೂತು ನಿರ್ಧರಿಸಬೇಕು, ಅಗತ್ಯ ಬಿದ್ದರೆ ನಡುವೆ ತಡೆದು ನಿಲ್ಲುವ ಅವಕಾಶವೂ ಅವರಿಗಿರಬೇಕು.