ಮೊದಲನೇ ಫ್ರೆಟ್ಟಿಗೆ ಕೈ ಎಟುಕಬೇಕು

ಕಳೆದ ಭಾನುವಾರ ವಿನೋಬನಗರದ ನಮ್ಮ ಮನೆಗೆ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ದಪ್ಪ ತಂತಿಯ ಗಿಟಾರ್, ಹೊತ್ತುಕೊಂಡು ಬಂದಿದ್ದಳು. ಪಿಯುಸಿ ಮುಗಿಸಿ ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿದ್ದಾಳೆ. ಗೆಳತಿಯರ ಜೊತೆ ಭಾವಗೀತೆ ಹಾಡುವ ಪುಟ್ಟ ತಂಡ ಕಟ್ಟಿಕೊಂಡಿದ್ದಾಳೆ. ಎತ್ತರ ನಾಲ್ಕು ಅಡಿ ಹತ್ತು ಇಂಚು ಇರಬಹುದು. ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ ಕೂಡಲೇ ನನ್ನ ಕಣ್ಣು ಅವಳ ಎಡಭುಜದ ಮೇಲೆ ಹೋಯಿತು. ಮೊದಲನೇ ಫ್ರೆಟ್ಟಿಗೆ, ಅಂದರೆ ನೆಕ್ ಎನ್ನುವ ಉದ್ದನೆಯ ಹಿಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ ತಲೆಯ ಕಡೆಯ ಮೊದಲನೆಯದಕ್ಕೆ, ಕೈ ಚಾಚಿದಾಗಲೆಲ್ಲ ಭುಜ ಕಿವಿಯ ಹತ್ತಿರಕ್ಕೆ ಏರುತ್ತಿತ್ತು, ಮೊಣಕೈ ಪೂರ್ತಿ ನೆಟ್ಟಗಾಗುತ್ತಿತ್ತು, ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಎರಡನೇ ಹಾಡು ಮುಗಿಯುವಷ್ಟರಲ್ಲಿ ಕೈ ಕೊಡವಿಕೊಂಡಳು.

"ಅಕ್ಕಾ, ನನ್ನ ಕೈ ಇದಕ್ಕೆ ಆಗುವುದಿಲ್ಲವಂತೆ. ಗಿಟಾರಿನ ಪುಟ್ಟ ತಂಗಿಯಂಥ ಯುಕುಲೆಲೆ ಕಲಿ ಎಂದರು."

ಆ ಮಾತು ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹದಿನೈದು ವರ್ಷಗಳ ಹಿಂದೆ ಬೆಂಗಳೂರಿನ ಅಂಗಡಿಯೊಂದರಲ್ಲಿ ನನಗೂ ಹೀಗೆಯೇ ಹೇಳಿದ್ದರು. ನಾನು ಹಟಕ್ಕೆ ಬಿದ್ದು ಅಲ್ಲಿದ್ದ ದೊಡ್ಡ ಬೇಸನ್ನೇ ಕೊಂಡು ರಾತ್ರಿ ರೈಲಿನಲ್ಲಿ ತಂದೆ. ಎರಡು ವರ್ಷ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದೆ. ಬೇರೆ ಅಳತೆಯ ಬೇಸ್ ಇದೆ ಎಂದು ಆ ದಿನ ಯಾರೂ ಹೇಳಲಿಲ್ಲ. ಈ ಹುಡುಗಿಗೂ ಯಾರೂ ಹೇಳಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಬೇಸ್‌ನಲ್ಲಿ ತಂತಿಯ ನುಡಿಯುವ ಉದ್ದಕ್ಕೆ ಸ್ಕೇಲ್ ಎನ್ನುತ್ತಾರೆ. ನಟ್‌ನಿಂದ, ಅಂದರೆ ತಲೆಯ ಬುಡದಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿಯಿಂದ, ಕೆಳಗೆ ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್‌ವರೆಗಿನ ಅಂತರ ಅದು. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗ 34 ಇಂಚು ಇಟ್ಟಿತು. ಅದೇ ರೂಢಿಯಾಯಿತು. ಅಂಗಡಿಯಲ್ಲಿ ಸುಮ್ಮನೆ 'ಬೇಸ್' ಎಂದು ಕೇಳಿದರೆ ಕೈಗೆ ಕೊಡುವುದು ಹೆಚ್ಚಾಗಿ ಇದನ್ನೇ. ಆದರೆ 32 ಇಂಚಿನದೂ ಇದೆ, 30 ಇಂಚಿನದೂ ಇದೆ. ಫೆಂಡರ್‌ನವರೇ 1966ರಲ್ಲಿ ತಂದ ಮಸ್ಟಾಂಗ್ ಬೇಸ್ 30 ಇಂಚಿನದು. ಐಬನೀಜ್‌ನ ಮೈಕ್ರೊ ಇನ್ನೂ ಚಿಕ್ಕದು, 28.6 ಇಂಚು.

ನಾಲ್ಕು ಇಂಚು ಏನು ಮಹಾ ಎಂದು ಕೇಳುವವರಿಗಾಗಿ ಅಂದು ದರ್ಜಿಯ ಟೇಪು ಹಿಡಿದು ಇಬ್ಬರೂ ಅಳೆದೆವು. ಅವಳ 34 ಇಂಚಿನ ಬೇಸ್‌ನಲ್ಲಿ ಮೊದಲನೇ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ 13 ಸೆಂಟಿಮೀಟರ್. ನನ್ನ 30 ಇಂಚಿನದರಲ್ಲಿ ಹನ್ನೊಂದೂವರೆಗೆ ಕೂದಲೆಳೆ ಕಡಿಮೆ. ಆ ಒಂದೂವರೆ ಸೆಂಟಿಮೀಟರ್ ಬೀಳುವುದು ಕಿರುಬೆರಳಿನ ಪಾಲಿಗೆ. ಅದಕ್ಕಿಂತ ದೊಡ್ಡ ಲಾಭ ತೋಳಿಗೆ: ಬ್ರಿಜ್ ಇದ್ದಲ್ಲೇ ಇದ್ದರೆ ಮೊದಲನೇ ಫ್ರೆಟ್ಟು ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಮೈಗೆ ಹತ್ತಿರ ಬರುತ್ತದೆ. ಚಿಕ್ಕ ಮೈಯವರಿಗೆ ಅದು ಮೊಣಕೈ ಮಡಚಿರುವುದಕ್ಕೂ ನೆಟ್ಟಗಾಗುವುದಕ್ಕೂ ಇರುವ ವ್ಯತ್ಯಾಸ. ಅಂಗಡಿಯವರು ಅಳತೆ ಹೇಳದಿದ್ದರೆ ನಟ್‌ನಿಂದ ಹನ್ನೆರಡನೇ ಫ್ರೆಟ್ಟಿನವರೆಗೆ ನೀವೇ ಅಳೆಯಿರಿ. ಅದು ಸ್ಕೇಲ್‌ನ ಸರಿಯರ್ಧ. 17 ಇಂಚು ಬಂದರೆ ದೊಡ್ಡದು, 15 ಬಂದರೆ ಚಿಕ್ಕದು.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 'ಬಾಡಿ ಚಿಕ್ಕದಿದೆ, ಹುಡುಗಿಯರಿಗೆ ಸರಿಯಾಗುತ್ತದೆ' ಎಂದು ತೋರಿಸುವ ಬೇಸ್‌ಗಳಲ್ಲಿ ಸ್ಕೇಲ್ 34 ಇಂಚೇ ಇರಬಹುದು. ಬಾಡಿ ಕುಗ್ಗಿದಾಗ ನೆಕ್ ಪಕ್ಕಕ್ಕೆ ಚಾಚಿಕೊಂಡಿರುವ ಅದರ ಮೇಲಿನ ಕೊಂಬೂ ಕುಗ್ಗುತ್ತದೆ. ಸ್ಟ್ರಾಪ್, ಅಂದರೆ ಹೆಗಲ ಪಟ್ಟಿ, ಸಿಕ್ಕಿಸುವ ಗುಂಡಿ ಇರುವುದು ಆ ಕೊಂಬಿನ ತುದಿಯಲ್ಲಿ. ಫೆಂಡರ್ ಕಂಪನಿಯ ಪ್ರಿಸಿಷನ್, ಜಾಜ್ ಬೇಸ್‌ಗಳಲ್ಲಿ ಅದು ಹನ್ನೆರಡನೇ ಫ್ರೆಟ್ಟಿನ ಆಸುಪಾಸಿಗೆ ಬರುತ್ತದೆ. ಕೊಂಬು ಮೋಟಾಗಿ ಗುಂಡಿ ಹಿಂದಕ್ಕೆ ಸರಿದರೆ ಇಡೀ ನೆಕ್ ಎಡಕ್ಕೆ ಜರುಗುತ್ತದೆ, ಮೊದಲನೇ ಫ್ರೆಟ್ಟು ಮತ್ತಷ್ಟು ದೂರ ಹೋಗುತ್ತದೆ. ಜೊತೆಗೆ ತಲೆಯ ಭಾರಕ್ಕೆ ನೆಕ್ ಕೆಳಕ್ಕೆ ಜೋತು ಬೀಳುತ್ತದೆ. ನುಡಿಸಬೇಕಾದ ಎಡಗೈ ನೆಕ್ಕನ್ನು ಎತ್ತಿ ಹಿಡಿಯುವ ಕೂಲಿಗೆ ನಿಲ್ಲುತ್ತದೆ. ಹಾಗಾಗಿ ನಿಂತು ಸ್ಟ್ರಾಪ್ ಹಾಕಿಕೊಂಡು ಎರಡೂ ಕೈ ಬಿಟ್ಟು ನೋಡಿ. ತಲೆ ನೆಲದ ಕಡೆ ಇಳಿದರೆ ಆ ಬೇಸ್ ಎಷ್ಟೇ ಮುದ್ದಾಗಿದ್ದರೂ ಬೇಡ.

ತೂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಕಿಲೋ ದಾಟಿದ್ದನ್ನು ಎರಡು ಗಂಟೆ ಹೆಗಲಿಗೆ ಹಾಕಿಕೊಳ್ಳುವುದು ಚಿಕ್ಕ ಮೈಯವರಿಗೆ ಕಷ್ಟ. ಮೂರು, ಮೂರೂವರೆಯ ಒಳಗೆ ಹುಡುಕಿ, ಅಗಲವಾದ ಸ್ಟ್ರಾಪ್ ಹಾಕಿ. ನೆಕ್‌ನ ಅಗಲವನ್ನೂ ಗಮನಿಸಿ. ಜಾಜ್ ಬೇಸ್‌ನದು ನಟ್ ಹತ್ತಿರ ಸುಮಾರು 38 ಮಿಲಿಮೀಟರ್, ಚಿಕ್ಕ ಅಂಗೈಗೆ ಹಿತ.

ಚಿಕ್ಕ ಸ್ಕೇಲ್‌ಗೆ ಒಂದು ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಅದೇ ತಂತಿ, ಅದೇ ಸ್ವರ. ಉದ್ದ 34ರಿಂದ 30ಕ್ಕೆ ಇಳಿದರೆ ಬಿಗಿತ ಶೇಕಡ 22ರಷ್ಟು ಕಡಿಮೆಯಾಗುತ್ತದೆ. ಅತಿ ದಪ್ಪದ ಇ ತಂತಿ ಸಡಿಲವೆನಿಸುತ್ತದೆ, ಜೋರಾಗಿ ಮೀಟಿದರೆ ಸ್ವರ ಸ್ವಲ್ಪ ಅಲುಗುತ್ತದೆ. ಚಿಕ್ಕ ಸ್ಕೇಲ್‌ಗೆಂದೇ ಮಾಡಿದ, ತುಸು ದಪ್ಪದ ತಂತಿ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ನಾನು ಹಾಕುವುದು ಫ್ಲಾಟ್‌ವೌಂಡ್, ಮೇಲ್ಮೈ ನುಣ್ಣಗಿರುವ ತಂತಿ. ಅದರ ದುಂಡನೆಯ, ಬೆಚ್ಚನೆಯ ನಾದ ಭಾವಗೀತೆಯ ಹಿಂದೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಈಗ ಉದ್ದದ ಬೇಸ್ ಪುಕ್ಕಟೆ ಕೊಟ್ಟರೂ ನಾನು ಬದಲಾಯಿಸುವುದಿಲ್ಲ.

'ಅದು ಮಕ್ಕಳ ಬೇಸ್' ಎನ್ನುವವರಿಗೆ ಕೆಲವು ಹೆಸರು ಹೇಳುತ್ತೇನೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನ ಆಕಾರದ ಹಾಫ್ನರ್ ಚಿಕ್ಕ ಸ್ಕೇಲ್‌ನದು, ಒಳಗೆ ಟೊಳ್ಳು, ಹೂವಿನಂತೆ ಹಗುರ. ಕ್ರೀಮ್ ತಂಡದ ಜಾಕ್ ಬ್ರೂಸ್ ನುಡಿಸಿದ ಗಿಬ್ಸನ್ ಇಬಿ-3 ಕೂಡ ಚಿಕ್ಕ ಸ್ಕೇಲ್‌ನದು. ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ ಅವರ ಕೈ ಚಿಕ್ಕದು; ಅವರು ಚಿಕ್ಕ ಸ್ಕೇಲ್‌ಗಳನ್ನೇ ಆರಿಸಿಕೊಂಡರು. ವಾದ್ಯವೃಂದಗಳಲ್ಲಿ ನಿಂತು ನುಡಿಸುವ ಆಳೆತ್ತರದ ಡಬಲ್ ಬೇಸ್‌ನಲ್ಲಿ ಕೂಡ ಬಹುತೇಕ ದೊಡ್ಡವರು ಬಳಸುವುದು ಮುಕ್ಕಾಲು ಅಳತೆಯದನ್ನು.

ಅಷ್ಟು ದೂರ ಯಾಕೆ? ನಮ್ಮೂರಿನಲ್ಲಿ ಪಿಟೀಲು ಕಲಿಯಲು ಹೋದ ಮಗುವಿಗೆ ಗುರುಗಳು ಅರ್ಧ ಅಳತೆಯದನ್ನೋ ಮುಕ್ಕಾಲಿನದನ್ನೋ ಕೈಗೆ ಕೊಡುತ್ತಾರೆ, ಯಾರೂ ನಗುವುದಿಲ್ಲ. ನನ್ನ ಅಜ್ಜಿಯ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು ತಮ್ಮ ತಮ್ಮ ಮೆಟ್ಟುಗತ್ತಿಯನ್ನು ತಾವೇ ತರುತ್ತಿದ್ದರು. ಒಬ್ಬರದರಲ್ಲಿ ಇನ್ನೊಬ್ಬರು ಕೂತರೆ ಕೈ ಓಡುತ್ತಿರಲಿಲ್ಲ. ಕೂರುವ ಮಣೆಯ ಎತ್ತರ, ಕತ್ತಿಯ ಓರೆ, ಎಲ್ಲವೂ ಅವರವರ ಮೈಗೆ ಹೊಂದಿಸಿದ್ದು. ಚಿಕ್ಕ ಮೆಟ್ಟುಗತ್ತಿಯವಳು ಸುಲಿದ ಅಡಿಕೆಯನ್ನು ಯಾರಾದರೂ ಕಡಿಮೆ ಎಣಿಸಿದರೇ?

ದೊಡ್ಡದೇ ಬೇಕೆನ್ನುವ ಚಿಕ್ಕ ಮೈಯವರನ್ನು ನಾನು ತಡೆಯುವುದಿಲ್ಲ. ಅಮೆರಿಕದ ರಾಕ್ ಗಾಯಕಿ ಸೂಜಿ ಕ್ವಾಟ್ರೊ ಗಿಡ್ಡ ಮೈಕಟ್ಟಿನವರು, ಪ್ರಿಸಿಷನ್ ಹಿಡಿದೇ ಹೆಸರು ಮಾಡಿದರು. ಡಬಲ್ ಬೇಸ್‌ನವರು ಕೆಳಗಿನ ಸ್ಥಾನಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದ ಒತ್ತುತ್ತಾರೆ, ಉಂಗುರಬೆರಳು ಕಿರುಬೆರಳಿಗೆ ಆಸರೆ ಕೊಡುತ್ತದೆ. ಆ ಪದ್ಧತಿ ಕಲಿತರೆ ಒಮ್ಮೆಗೆ ನಾಲ್ಕು ಫ್ರೆಟ್ಟು ಚಾಚುವ ಕಷ್ಟವಿಲ್ಲ. ಆದರೆ ಆಯ್ಕೆ ಅವರದಾಗಿರಬೇಕು, ಅಂಗಡಿಯಲ್ಲಿ ಬೇರೆ ಏನೂ ಇಲ್ಲವೆಂಬ ಕಾರಣಕ್ಕೆ ಆಗಬಾರದು.

ಮಲೆನಾಡಿನವರಿಗೆ ಮಾತ್ರ ಹೇಳಬೇಕಾದ ಒಂದು ಮಾತು ಉಳಿದಿದೆ. ಪುಷ್ಯ, ಆಶ್ಲೇಷ ಮಳೆ ಹಿಡಿದಾಗ ಬೇಸಿನ ಮರ ತೇವ ಕುಡಿಯುತ್ತದೆ, ನೆಕ್ ಬಾಗುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೇಳುತ್ತದೆ. ಆಗುಂಬೆ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಟ್ಟೆಯೇ ಒಣಗುವುದಿಲ್ಲ. ಹನ್ನೆರಡನೇ ಫ್ರೆಟ್ಟಿನಲ್ಲಿ ಎರಡು, ಎರಡೂವರೆ ಮಿಲಿಮೀಟರ್ ಇದ್ದ ತಂತಿ ಮೂರು, ಮೂರೂವರೆಗೆ ಏರಿದರೆ ಚಿಕ್ಕ ಬೆರಳು ಸೋಲುತ್ತದೆ, ತಪ್ಪು ಬೆರಳಿನದೆಂದು ನಾವು ಕೊರಗುತ್ತೇವೆ. ನೆಕ್‌ನೊಳಗಿನ ಟ್ರಸ್ ರಾಡನ್ನು, ಅಂದರೆ ಬಾಗನ್ನು ತಿದ್ದುವ ಲೋಹದ ಸರಳನ್ನು, ಅಲೆನ್ ಕೀಯಿಂದ ಒಮ್ಮೆಗೆ ಕಾಲು ಸುತ್ತು ಬಿಗಿದು, ಒಂದು ದಿನ ಬಿಟ್ಟು ನೋಡಿ. ಭಯವಿದ್ದರೆ ತಿಳಿದವರ ಕೈಯಲ್ಲಿ ಮಾಡಿಸಿ.

ಭಾನುವಾರ ಅವಳ ತೊಡೆಯ ಮೇಲೆ ನನ್ನ ಬೇಸ್ ಇಟ್ಟೆ. ಭುಜ ತಾನಾಗಿಯೇ ಕೆಳಗಿಳಿಯಿತು. ಅದೇ ಹಾಡನ್ನು ನಾಲ್ಕು ಸಲ ನುಡಿಸಿದಳು, ಒಮ್ಮೆಯೂ ಕೈ ಕೊಡವಲಿಲ್ಲ. ತಿಂಗಳ ಮಟ್ಟಿಗೆ ಅದನ್ನು ಅವಳೇ ಒಯ್ದಿದ್ದಾಳೆ. ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ಯಾರ ಮನೆಯಲ್ಲಾದರೂ 30 ಇಂಚಿನ ಬೇಸ್ ನುಡಿಸುವವರಿಲ್ಲದೆ ಮೂಲೆಯಲ್ಲಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವಳನ್ನು ಕರೆದುಕೊಂಡು ಬರುತ್ತೇನೆ. ಕೂತು, ನಿಂತು, ನುಡಿಸಿ ನೋಡಿಯೇ ಕೊಳ್ಳುತ್ತಾಳೆ.